ಗುಡಿ ಸ್ಟಾಪಿನಲ್ಲಿ ಇಳಿಯುವವರು

“ಇನ್ನೊಮ್ಮೆ ‘ಕೆಲಸಕ್ಕ’ ಅಂದಿ ಅಂದ್ರ ಈ ಸೌಟ ತಗೊಂಡ ಬಾಯಾಗ ತುರುಕ್ತೀನಿ, ಬೋಳೀಮಗನ. ಮತ್ತ ಹೇಳ. ಬಸ್ಸಿನ್ಯಾಗ ಯಾರರ ಕೇಳಿದ್ರು, ಎಲ್ಲಿಗಿ ಹೊಂಟೀಯೋ ಅಂತ. ಏನಂತಿ?”

“ಗುಡಿಗ್ರಿ,” ಎಂದ ಬಾಳಪ್ಪ. ಅವನ ಹೆಗಲ ಮೇಲೆ ಜೋಳದ ಹಿಟ್ಟಿನ ಚೀಲವಿತ್ತು. ಒಡೆಯ ಗದಿಗೆಪ್ಪ ಅದನ್ನು ಇಳಿಸಲು ಬಿಟ್ಟಿರಲಿಲ್ಲ.

“ಯಾಕ?”

“ದೇವರಿಗ್ರಿ.”

“ದೇವರಿಗಲ್ಲಲೇ ಕತ್ತಿ. ದರ್ಶನಕ್ಕ. ದರ್ಶನಕ್ಕ ಹೊಂಟೀವಿ ಅನ್ನು. ಫಕೀರಿ, ಈಗ ನೀ ಹೇಳ.”

ಫಕೀರವ್ವ ಪರಾತದಲ್ಲಿ ಎಸರು ಹೊಯ್ದು ಹಿಟ್ಟು ನಾದುತ್ತಿದ್ದಳು. ಕುದಿಯುವ ನೀರು ಬಿದ್ದ ಹಿಟ್ಟನ್ನು ನಡುವೆ ಬಿಡುವಂತಿಲ್ಲ, ಗಂಟಾಗುತ್ತದೆ. ಕೈ ತೆಗೆಯದೆ, ತಲೆ ಎತ್ತದೆ ಹೇಳಿದಳು. “ದರ್ಶನಕ್ರಿ.”

“ದಿನಾ ಹೋಗ್ತೀಯೇನು ಅಂತ ಕೇಳಿದ್ರ?”

“ದಿನಾ ಹೋಗ್ತೀನ್ರಿ.”

“ಹಾಂ. ನೋಡ ಬಾಳ್ಯಾ, ಹೆಂಗಸಿಗಿರೂ ಬುದ್ಧಿ ನಿನಗಿಲ್ಲ. ಇಳಸ ಚೀಲಾನ.”

ಈ ಪಾಠ ಆಗಾಗ ನಡೆಯುತ್ತಿತ್ತು, ಸಾಲಿಮಕ್ಕಳಿಗೆ ಮಗ್ಗಿ ಒಪ್ಪಿಸಲು ಹೇಳಿದ ಹಾಗೆ. ಬಸ್ಸಿನಲ್ಲಿ ಸಮವಸ್ತ್ರದವರು ಹತ್ತುತ್ತಾರೆ, ಒಬ್ಬನ ಬಾಯಿಂದ ‘ಕೆಲಸ’ ಅನ್ನುವ ಮಾತು ಬಿದ್ದರೆ ಎಲ್ಲರನ್ನೂ ಕಟ್ಟಿಕೊಂಡು ಹೋಗಿ ವಿಮಾನ ಹತ್ತಿಸುತ್ತಾರೆ ಎಂದು ಗದಿಗೆಪ್ಪ ಹೆದರಿಸಿದ್ದ. ಹೆದರಿಕೆ ಅವನಿಗೂ ಇತ್ತು. ಹಾಗೆ ಹಿಡಿದುಕೊಂಡು ಹೋದರೆ ರೊಟ್ಟಿ ಬಡಿಯುವವರು ಯಾರು?

ಅಡಿಗೆಮನೆ ಅಂತ ಹೆಸರೇ ಹೊರತು ಅದೊಂದು ಗೋದಾಮು. ಹ್ಯೂಸ್ಟನ್ನಿನ ಅಂಚಿನಲ್ಲಿ, ಮಿಸೌರಿ ಸಿಟಿಗೆ ತಾಗಿಕೊಂಡು ಎದ್ದಿದ್ದ ಹೊಸ ಗುಡಿಯ ಬೆನ್ನಿಗೆ ಸಾಲಾಗಿ ನಿಂತ ತಗಡಿನ ಶೆಡ್ಡುಗಳಲ್ಲಿ ಕೊನೆಯದು. ಇಲ್ಲಿ ಬಡಿದ ಕಡಕ್ ರೊಟ್ಟಿ ಪ್ಯಾಕೆಟ್ಟಾಗಿ ಡಲ್ಲಾಸ್, ಆಸ್ಟಿನ್‌ನ ಕನ್ನಡದ ಮನೆಗಳಿಗೆ ಹೋಗುತ್ತಿತ್ತು. ಪ್ಯಾಕೆಟ್ಟಿನ ಮೇಲೆ ಇಳಕಲ್ ಸೀರೆ ಉಟ್ಟ ಹೆಂಗಸೊಬ್ಬಳು ಒಲೆಯ ಮುಂದೆ ಕೂತು ನಗುತ್ತಿದ್ದಳು.

ಫಕೀರವ್ವ ಈ ದೇಶಕ್ಕೆ ಬಂದದ್ದು ಚಿಕ್ಕಮ್ಮನಾಗಿ. ಡಲ್ಲಾಸಿನಲ್ಲಿದ್ದ ಗದಿಗೆಪ್ಪನ ಮಗಳು ವೈಷ್ಣವಿಯ ಬಾಣಂತನಕ್ಕೆ ಆಳು ಬೇಕಾಗಿತ್ತು. ವೀಸಾದ ಕಾಗದದಲ್ಲಿ ‘ಹುಡುಗಿಯ ಚಿಕ್ಕಮ್ಮ’ ಎಂದು ಬರೆಸಿ ಕರೆದುತಂದರು. ಬಂದವರ ಮುಂದೆ ‘ಫಕೀರವ್ವ’ ಅಂದರೆ ಯಾವ ಪೈಕಿ ಎಂದು ಕೇಳುತ್ತಾರೆಂದು ವೈಷ್ಣವಿ ಅವಳನ್ನು ‘ಗೌರಮ್ಮ’ ಮಾಡಿದಳು. ಕೂಸು ಅಂಬೆಗಾಲಿಡುವ ಹೊತ್ತಿಗೆ ಕಾಗದದ ಅವಧಿ ಮುಗಿದಿತ್ತು. ಗದಿಗೆಪ್ಪ ಊರಿಗೆ ಕಳಿಸಲಿಲ್ಲ, ಹ್ಯೂಸ್ಟನ್ನಿಗೆ ತಂದು ಹಂಚಿನ ಮುಂದೆ ಕೂರಿಸಿದ. ಪಾಸ್‌ಪೋರ್ಟು ಅವನ ಹೆಂಡತಿ ವಿದ್ಯಾವತಿಯ ಕಪಾಟಿನಲ್ಲಿ, ಬೆಳ್ಳಿ ಸಾಮಾನಿನ ಕೆಳಗೆ ಹೋಗಿ ಕೂತಿತು.

ಊರಿನಲ್ಲಿ ಹನುಮಪ್ಪನ ಗುಡಿಯ ಕಟ್ಟೆ ಹತ್ತಿದ್ದಕ್ಕೆ ಫಕೀರವ್ವನ ಅಣ್ಣನನ್ನು ಕಂಬಕ್ಕೆ ಕಟ್ಟಿದ್ದರು. ಕಟ್ಟಿದವರಲ್ಲಿ ಗದಿಗೆಪ್ಪನ ದೊಡ್ಡಪ್ಪನೂ ಒಬ್ಬ. ಅದು ಇಬ್ಬರಿಗೂ ಗೊತ್ತಿತ್ತು. ಗುಡಿಗೆ ಹೋಗುತ್ತೇನೆ ಅನ್ನು ಎಂದು ಅವನು ಕಲಿಸುತ್ತಿದ್ದ, ಗುಡಿಗೆ ಹೋಗುತ್ತೇನೆ ಎಂದು ಅವಳು ಒಪ್ಪಿಸುತ್ತಿದ್ದಳು. ಇಬ್ಬರಿಗೂ ನಗು ಬರುತ್ತಿರಲಿಲ್ಲ.

*

ಸಂಜೆ ಬಸ್ಸಿನಲ್ಲಿ ಕೂತರೆ ಹಿಲ್‌ಕ್ರಾಫ್ಟ್ ಬರುವವರೆಗೆ ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಆ ಬಸ್ಸಿನ ಸುಖ ಅಷ್ಟೇ.

ಹಿಲ್‌ಕ್ರಾಫ್ಟಿನ ಸೀರೆ ಅಂಗಡಿಗಳ ಹಿಂದೆ, ಬಣ್ಣ ಬಿಟ್ಟ ಅಪಾರ್ಟ್‌ಮೆಂಟಿನ ಕೆಳಗಿನ ಕೋಣೆಯೊಂದರಲ್ಲಿ ಅವಳು ಇಬ್ಬರು ನೇಪಾಳಿ ಹೆಂಗಸರ ಜೊತೆ ಇದ್ದಳು. ಮಾತು ಬಾರದಿದ್ದರೂ ಮೂವರೂ ಒಂದೇ ಪಾತ್ರೆಯಲ್ಲಿ ಅನ್ನ ಮಾಡಿಕೊಳ್ಳುತ್ತಿದ್ದರು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾಗಿತ್ತು. ಗದಿಗೆಪ್ಪನ ಮನೆಯ ಗ್ಯಾರೇಜಿನಲ್ಲಿ ಮಲಗುತ್ತಿದ್ದ ಕಾಶವ್ವನಿಗೆ ಅದು ಇರಲಿಲ್ಲ. ಹಗಲೆಲ್ಲ ಗೋದಾಮಿನಲ್ಲಿ ರೊಟ್ಟಿ ಬಡಿದು ಹೋದವಳನ್ನು ಮನೆಯಲ್ಲಿ ಮುಸುರೆ ಕಾಯುತ್ತಿತ್ತು, ಮುಸುರೆಯಾದ ಮೇಲೆ ಗದಿಗೆಪ್ಪನ ತಾಯಿಯ ಕಾಲು ಕಾಯುತ್ತಿತ್ತು. ಮುದುಕಿಯ ಕೈಗೆ ಒಂದು ಗಂಟೆ ಕೊಟ್ಟಿದ್ದರು, ದೇವರ ಕೋಣೆಯದೇ ಗಂಟೆ. ಅದು ಯಾವ ಹೊತ್ತಿಗೆ ಬಾರಿಸಿದರೂ ಕಾಶವ್ವ ಏಳಬೇಕು. ಒಂದು ವರ್ಷಕ್ಕೆ ಕಾಶವ್ವನ ಕಾಲು ಬಾತು ಚಪ್ಪಲಿ ಹಿಡಿಸದಾಯಿತು. ಗಾಲಿ ಕುರ್ಚಿಯಲ್ಲಿ ಕೂರಿಸಿ ವಿಮಾನಕ್ಕೆ ತಳ್ಳಿದರು. ಆಮೇಲೆ ಅವಳ ಸುದ್ದಿಯಿಲ್ಲ.

ಅಂದಿನಿಂದ ಗದಿಗೆಪ್ಪ ಫಕೀರವ್ವನನ್ನು ಕೇಳುತ್ತಿದ್ದ. “ಮನ್ಯಾಗ ಬಂದ ಇರು. ಬಾಡಗಿ ಯಾಕ ಕೊಡ್ತಿ, ಹುಚ್ಚಿ?”

“ಬಸ್ಸ ಐತಲ್ರಿ ಅಣ್ಣಾರ. ಹೊತ್ತಿಗೆ ಸರಿಯಾಗಿ ಬರ್ತೀನಲ್ರಿ,” ಎನ್ನುತ್ತಿದ್ದಳು. ಬಸ್ಸು ನಿಜವಾಗಿಯೂ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಎರಡು ಸಾವಿರದ ಹದಿನಾಲ್ಕರ ಚಳಿಗಾಲದ ಒಂದು ಸಂಜೆ, ಗುಡಿ ಸ್ಟಾಪಿನಲ್ಲಿ ಹತ್ತಿ ಕೂತ ಮೇಲೆ, ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಹುಡುಗಿಯೊಬ್ಬಳು ಸೀಟಿನಿಂದ ಸೀಟಿಗೆ ಬಂದಳು. ಕೈಯಲ್ಲಿ ಹಲಗೆಯಂಥ ಟ್ಯಾಬ್ಲೆಟ್ಟು. ಕೊರಳಿನ ಪಟ್ಟಿಯಲ್ಲಿ ಅವಳ ಫೋಟೋ.

ಬಾಳಪ್ಪ ಮೊಣಕೈಯಿಂದ ತಿವಿದ. “ಬಂತ ನೋಡ. ಸಮವಸ್ತ್ರ.”

ಹುಡುಗಿ ಇವರ ಮಾತು ಕೇಳಿಸಿಕೊಂಡು ಹಿಗ್ಗಿದಳು. “ಅಯ್ಯೋ, ನೀವು ಕನ್ನಡದವ್ರಾ ಆಂಟಿ? ನನ್ನ ಹೆಸರು ಪ್ರಗತಿ, ಮೈಸೂರು. ಇಲ್ಲೇ ಓದ್ತಾ ಇದೀನಿ. ಬಸ್ಸಿಂದು ಸರ್ವೇ ಅಷ್ಟೇ, ಹೆಸರು ಗಿಸರು ಏನೂ ಕೇಳಲ್ಲ. ಇಲ್ಲಿ ಗುಡಿ ಸ್ಟಾಪ್‌ಗೆ ಯಾಕೆ ಬಂದಿದ್ರಿ? ಕೆಲಸಕ್ಕಾ, ಶಾಪಿಂಗ್‌ಗಾ, ಡಾಕ್ಟ್ರ ಹತ್ರನಾ...”

ಕೆಲಸ ಎಂಬ ಮಾತು ಕಿವಿಗೆ ಬಿದ್ದದ್ದೇ ಫಕೀರವ್ವನ ಬಾಯಿ ತಾನಾಗಿ ತೆರೆಯಿತು. “ದರ್ಶನಕ್ಕರಿ.”

“ಓ, ಗುಡಿಗೆ. ವಾರಕ್ಕೊಂದ್ಸಲ ಬರ್ತೀರಾ?”

“ದಿನಾ ಬರ್ತೀನ್ರಿ.”

“ದಿನಾನಾ!” ಹುಡುಗಿ ಬಾಳಪ್ಪನ ಕಡೆ ನೋಡಿದಳು. “ನೀವೂ?”

“ನಾನೂ ದಿನಾ ರೀ. ಭಾಳ ಭಕ್ತಿ ನಮಗ. ಹಿಂದಿನ ಸೀಟಿನ್ಯಾಗ ಅವರಿಬ್ಬರೂ ಅದಕ್ಕ ಬರ್ತಾರ.” ಹಿಂದಿನ ಸೀಟಿನಲ್ಲಿದ್ದವರು ಪಕ್ಕದ ಶೆಡ್ಡಿನಲ್ಲಿ ಉಪ್ಪಿನಕಾಯಿ ತುಂಬುವವರು, ತೆಲುಗಿನವರು. ಅವರ ಒಡೆಯನೂ ಇದೇ ಪಾಠ ಹೇಳಿಕೊಟ್ಟಿದ್ದ. ಅವರು ಕೈ ಮುಗಿದರು.

ಹುಡುಗಿಯ ಕಣ್ಣು ಫಕೀರವ್ವನ ಮೊಣಕೈಯ ಮೇಲೆ ಒಣಗಿ ಹತ್ತಿದ್ದ ಹಿಟ್ಟಿನ ಮೇಲೆ ನಿಂತಿತು. ಅಲ್ಲಿಂದ ಬೆರಳ ತುದಿಗೆ ಹೋಯಿತು. ಹತ್ತೂ ಬೆರಳ ತುದಿ ಸುಟ್ಟು ನುಣ್ಣಗಾಗಿದ್ದವು. ಏನೋ ಕೇಳಲು ಬಾಯಿ ತೆರೆದು, ನಾಚಿಕೊಂಡು ಮುಚ್ಚಿದಳು.

“ನೈವೇದ್ಯಾ ಮಾಡ್ತಿದ್ನಿರಿ,” ಎಂದಳು ಫಕೀರವ್ವ, ಕೇಳದಿದ್ದರೂ.

“ಸರಿ ಆಂಟಿ. ಕೊನೇ ಪ್ರಶ್ನೆ. ಈ ಬಸ್ಸು ಇಲ್ದೇ ಹೋದ್ರೆ ಏನ್ ಮಾಡ್ತೀರಿ?”

ಇದನ್ನು ಗದಿಗೆಪ್ಪ ಕಲಿಸಿರಲಿಲ್ಲ. ದಿನಾ ಗುಡಿಗೆ ಹೋಗುವ ಹೆಂಗಸು ಬಸ್ಸಿಲ್ಲದಿದ್ದರೆ ಏನು ಮಾಡುತ್ತಾಳೆ ಎಂದು ಫಕೀರವ್ವ ಯೋಚಿಸಿದಳು. ಅಂಥ ಹೆಂಗಸರನ್ನು ಅವಳು ದೂರದಿಂದ ಕಂಡಿದ್ದಳು.

“ಮನ್ಯಾಗ ಕುಂಡ್ರತೀನ್ರಿ.”

“ದೇವರು ಮನ್ಯಾಗೂ ಅದಾನಲ್ರಿ,” ಎಂದು ಬಾಳಪ್ಪ ದನಿಗೂಡಿಸಿದ.

ಹುಡುಗಿ ನಕ್ಕು ಹಲಗೆಯ ಮೇಲೆ ಬೆರಳು ಒತ್ತಿದಳು. ಮುಂದಿನ ಸೀಟಿಗೆ ಹೋದಳು. ಸಿಕ್ಕಿಬೀಳದೆ ಪಾರಾದೆವೆಂದು ಬಾಳಪ್ಪ ಇಳಿಯುವವರೆಗೂ ತೊಡೆ ತಟ್ಟಿಕೊಂಡ. ಮರುದಿನ ಗದಿಗೆಪ್ಪನೂ ಖುಷಿಪಟ್ಟು ಇಬ್ಬರಿಗೂ ಮುರಿದ ಹೋಳಿಗೆ ಕೊಟ್ಟ.

*

ಮುಂದಿನ ಬೇಸಿಗೆಯಲ್ಲಿ ಗುಡಿ ಸ್ಟಾಪಿನ ಕಂಬಕ್ಕೆ ಹಳದಿ ಹಾಳೆ ಬಂತು. ಓದಿ ಹೇಳಿದವನು ಗದಿಗೆಪ್ಪನೇ. ಹ್ಯೂಸ್ಟನ್ನಿನ ಬಸ್ಸಿನ ದಾರಿಗಳನ್ನೆಲ್ಲ ಹೊಸದಾಗಿ ಎಳೆದಿದ್ದಾರೆ, ಆಗಸ್ಟಿನಿಂದ ಸೋಮವಾರದಿಂದ ಶುಕ್ರವಾರದವರೆಗೆ ಈ ಬಸ್ಸು ಹೈವೇ ಹತ್ತಿರವೇ ತಿರುಗಿಕೊಳ್ಳುತ್ತದೆ, ಗುಡಿಯ ಕಡೆಗೆ ಬರುವುದಿಲ್ಲ.

“ಮುಗೀತ,” ಎಂದ ಗದಿಗೆಪ್ಪ. ಅವನ ದನಿ ಮದುವೆಮನೆಯಲ್ಲಿ ಊಟಕ್ಕೆ ಏಳಿಸುವವನ ಹಾಗಿತ್ತು. “ಇನ್ನ ಹ್ಯಾಂಗ ಬರ್ತಿ? ಹಾರಕೋಂತ ಬರ್ತೀಯೇನು? ಗ್ಯಾರೇಜಿನ್ಯಾಗ ಕಾಶಿ ಮಂಚ ಹಾಂಗ ಐತಿ. ಬಾಳ್ಯಾ, ನಿನಗೂ ಒಂದ ಚಾಪಿ ಹಾಕ್ತೀನಿ, ಫ್ರೀಜರ್ ಆಚೀ ಕಡೆ.”

ವಿದ್ಯಾವತಿ ಚಟ್ನಿಪುಡಿಯ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದಳು. “ಅತ್ತಿಯವರೂ ಕೇಳಾಕತ್ತಿದ್ರು. ಕಾಶಿ ಹೋದಾಗಿಂದ ಅವರ ಕಾಲ ತಿಕ್ಕವ್ರಿಲ್ಲ. ಫಕೀರಿ ಕೈ ಹೆಂಗೂ ಬಿಸೀನ ಇರ್ತಾವ.”

ಬಾಳಪ್ಪ ಹೊರಗೆ ಬಂದು ಬೀಡಿಯ ಬದಲು ಹಲ್ಲುಕಡ್ಡಿ ಕಚ್ಚಿದ. “ಹೋಗೂಣು ಬಿಡ ಯಕ್ಕಾ. ಮಲಗಾಕ ಎಲ್ಲಾದ್ರೇನು.”

“ನಿನಗ ಗಂಟಿ ಬಾರಸಾಂಗಿಲ್ಲಪಾ ಅವ್ರು.”

ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕೈಯ ತುದಿಗಳ ಹಾಗೆ ಒಳಗೂ ಏನೋ ಸುಟ್ಟು ನುಣ್ಣಗಾಗಿದೆ ಅನ್ನಿಸಿತು. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ಬಿಸಿ ಮಾತ್ರ ಗೊತ್ತಾಗುತ್ತಿರಲಿಲ್ಲ.

*

ಹೊಸ ದಾರಿ ಶುರುವಾಗುವ ಮುಂಚಿನ ಶನಿವಾರ ಗುಡಿಯ ಸಭಾಂಗಣದಲ್ಲಿ ಸನ್ಮಾನವಿತ್ತು. ಗದಿಗೆಪ್ಪನದೇ ಊಟ. ಬಾಗಿಲ ಪಕ್ಕದಲ್ಲಿ ‘ಬಿಸಿ ಬಿಸಿ ಜೋಳದ ರೊಟ್ಟಿ’ ಎಂದು ಬೋರ್ಡು ಹಾಕಿ, ಗ್ಯಾಸಿನ ಒಲೆಯ ಹಿಂದೆ ಫಕೀರವ್ವನನ್ನು ಕೂರಿಸಿದ್ದರು. ವಿದ್ಯಾವತಿ ತನ್ನ ಹಳೇ ಇಳಕಲ್ ಸೀರೆ ಉಡಿಸಿ, ಮೂಗಿಗೆ ಒತ್ತುವ ನತ್ತು ಸಿಕ್ಕಿಸಿದ್ದಳು. ಮಕ್ಕಳು ಮೊಬೈಲು ಹಿಡಿದು ಸುತ್ತ ನಿಂತರು. “ಆಂಟಿ, ಕ್ಯಾನ್ ಯು ಡೂ ಇಟ್ ಫಾಸ್ಟರ್?” ಎಂದು ಒಬ್ಬ ಕೇಳಿದ. ಅವರಮ್ಮ ಹಿಂದಿನಿಂದ, “ನೋಡೋ, ನಮ್ಮ ಕಲ್ಚರ್ ನೋಡು,” ಎಂದಳು.

ಗುಡಿಯ ಅಧ್ಯಕ್ಷರಾದ ಶ್ರೀಕಂಠಯ್ಯನವರು ಶಾಲು ಹೊದಿಸಿದ್ದು ಸುಧೀಂದ್ರ ಎಂಬವನಿಗೆ. ಆಸ್ಟಿನ್ ಆಚೆ ಲಿಯಾಂಡರ್‌ನಲ್ಲಿ ಮನೆ, ಹ್ಯೂಸ್ಟನ್ನಿನ ಬಸ್ಸಿನ ದಾರಿ ಎಳೆದುಕೊಟ್ಟ ಕಂಪನಿಯಲ್ಲಿ ಕೆಲಸ. ನಮ್ಮ ಹುಡುಗ ಒಂದು ಊರಿನ ಬಸ್ಸನ್ನೇ ತಿದ್ದಿದ್ದಾನೆ ಎಂದು ಶ್ರೀಕಂಠಯ್ಯ ಹೇಳಿದಾಗ ಚಪ್ಪಾಳೆ ಬಿತ್ತು. ಬೆಳ್ಳಗಿನ ಗೋಡೆಯ ಮೇಲೆ ಬಣ್ಣಬಣ್ಣದ ಗೆರೆಗಳು ಮೂಡಿದವು, ಕೆಂಪು ದಪ್ಪ, ನೀಲಿ ತೆಳು.

“ಮುಂಚೆ ಬಸ್ಸು ಎಲ್ಲಾ ಕಡೆಗೂ ಹೋಗ್ತಿತ್ತು, ಎಲ್ಲಾ ಕಡೆಗೂ ಲೇಟಾಗಿ ಹೋಗ್ತಿತ್ತು,” ಎಂದ ಸುಧೀಂದ್ರ. ಅವನದು ಮೃದು ಮಾತು, ಯಾರನ್ನೂ ನೋಯಿಸುವವನಲ್ಲ. “ಈಗ ಹಾಗಲ್ಲ. ಜನ ಎಲ್ಲಿ ದುಡಿಯೋಕೆ ಹೋಗ್ತಾರೋ ಅಲ್ಲಿ ಪದೇಪದೇ ಬಸ್ಸು. ಎಲ್ಲಿ ಹೋಗ್ಲೇಬೇಕು ಅಂತಿಲ್ವೋ ಅಲ್ಲಿ ಕಮ್ಮಿ. ನಾವು ಗೆಸ್ ಮಾಡ್ಲಿಲ್ಲ, ಜನರನ್ನೇ ಕೇಳಿದ್ವಿ. ಈ ನಮ್ಮ ಗುಡಿ ಸ್ಟಾಪ್ ತಗೊಳ್ಳಿ. ವೀಕ್‌ಡೇಸ್‌ನಲ್ಲಿ ಇಲ್ಲಿ ಬರೋರು ಒಬ್ರೂ ಕೆಲಸಕ್ಕೆ ಅಂತ ಹೇಳಿಲ್ಲ. ಎಲ್ರೂ ದರ್ಶನಕ್ಕೆ! ಟೆಕ್ಸಾಸ್‌ನಲ್ಲಿ ಇಷ್ಟು ಭಕ್ತಿ ಇದೆ ಅಂತ ನಮ್ಮ ಅಮೆರಿಕನ್ ಕಲೀಗ್ಸ್‌ಗೆ ನಂಬಿಕೇನೇ ಬರ್ಲಿಲ್ಲ.”

ಸಭೆ ನಕ್ಕಿತು.

“ಆದ್ರೆ ದರ್ಶನ ಬುಧವಾರಾನೇ ಆಗ್ಬೇಕು ಅಂತೇನಿಲ್ವಲ್ಲ. ಬಸ್ ಇಲ್ದಿದ್ರೆ ಮನೇಲೇ ಇರ್ತೀವಿ ಅಂತ ಅವರೇ ಹೇಳಿದಾರೆ. ಸೋ ವೀಕ್‌ಡೇಸ್ ಬಸ್ಸನ್ನ ಹೈವೇ ಹತ್ರ ತಿರುಗಿಸಿ, ಉಳಿದಿದ್ದನ್ನೆಲ್ಲ ಶನಿವಾರ ಭಾನುವಾರಕ್ಕೆ ಹಾಕಿದೀವಿ. ಕಾಲು ಗಂಟೆಗೊಂದು ಬಸ್ಸು, ಡೈರೆಕ್ಟ್ ನಮ್ಮ ದೇವರ ಬಾಗಿಲಿಗೆ!”

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಹೊರಗೆ ಅವರೆಲ್ಲರ ಕಾರುಗಳು ಅಂಗಳ ತುಂಬಿ ಹುಲ್ಲಿನ ಮೇಲೂ ಹತ್ತಿದ್ದವು.

ಫಕೀರವ್ವ ತಟ್ಟುತ್ತಲೇ ಇದ್ದಳು. ತಟ್ಟಿ ತಟ್ಟಿ ರೊಟ್ಟಿ ಹಂಚಿಗಿಂತ ದೊಡ್ಡದಾಗಿ ಅಂಚು ಜೋತುಬಿತ್ತು. ಮಕ್ಕಳು “ವಾವ್” ಎಂದರು. ಅವಳಿಗೆ ಒಂದೊಂದೇ ತಿಳಿಯುತ್ತ ಬಂತು. ಬಸ್ಸಿನ ಹುಡುಗಿ. ಹಲಗೆಯ ಮೇಲೆ ಒತ್ತಿದ ಬೆರಳು. ಮನ್ಯಾಗ ಕುಂಡ್ರತೀನ್ರಿ.

ಬಸ್ಸನ್ನು ಬೇರೆ ಯಾರೂ ತೆಗೆದಿರಲಿಲ್ಲ. ಗದಿಗೆಪ್ಪ ಕಲಿಸಿದ್ದ, ಅವಳು ಹೇಳಿದ್ದಳು.

ಸುಧೀಂದ್ರ ತಟ್ಟೆ ಹಿಡಿದು ಒಲೆಯ ಮುಂದೆ ಬಂದ. ಶಾಲು ಇನ್ನೂ ಹೆಗಲ ಮೇಲಿತ್ತು. ಅವನ ಹಿಂದೆ ಆ ಹುಡುಗಿಯೇ ಇದ್ದಳು, ಪ್ರಗತಿ. ಇಂದು ಸೀರೆ ಉಟ್ಟಿದ್ದಳು. ಫಕೀರವ್ವನನ್ನು ಕಂಡು ನಗಲು ಹೋದವಳು ನತ್ತನ್ನೂ, ಒಲೆಯನ್ನೂ, ಹಿಟ್ಟಿನ ಕೈಯನ್ನೂ ನೋಡಿ ಅರ್ಧಕ್ಕೆ ನಿಂತಳು.

“ಒಂದು ತೆಳ್ಳಗಿರೋದು ಕೊಡಿಮ್ಮ,” ಎಂದ ಸುಧೀಂದ್ರ.

ಫಕೀರವ್ವ ರೊಟ್ಟಿ ತಟ್ಟೆಗೆ ಹಾಕಲಿಲ್ಲ. ಕೈಯಲ್ಲೇ ಹಿಡಿದಳು. “ಸಾಹೇಬ್ರ, ನಾ ಸುಳ್ಳ ಹೇಳೀನ್ರಿ.”

“ಏನು?”

“ಬಸ್ಸಿನ್ಯಾಗ ಈ ತಂಗಿ ಕೇಳಿದಾಗ. ನಾ ಗುಡಿಗಿ ಬರಾಂಗಿಲ್ರಿ. ಈ ಗುಡಿ ಒಳಗ ಒಂದ ದಿನಾನೂ ಕಾಲ ಇಟ್ಟಿಲ್ಲ, ಇವತ್ತ ಮೊದಲ. ಗುಡಿ ಹಿಂದ ಇವರ ಗೋದಾಮಿನ್ಯಾಗ ರೊಟ್ಟಿ ಬಡೀತೀನಿ. ಎಲ್ಲಾರೂ ಹಾಂಗ. ಸುಳ್ಳ ಹೇಳ್ರಿ ಅಂದ್ರು, ಹೇಳಿದ್ವಿ. ಬಸ್ಸ ವಾಪಸ್ ಹಾಕ್ರಿ.”

ಸುಧೀಂದ್ರನ ಮುಖದ ನಗು ಹೋಗಲಿಲ್ಲ, ಅದಕ್ಕೆ ಎಲ್ಲಿ ಹೋಗಬೇಕೆಂದು ಗೊತ್ತಾಗಲಿಲ್ಲ. ಪ್ರಗತಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

“ಸರ್ವೇ ಮುಗಿದುಹೋಯ್ತಲ್ಲಮ್ಮ,” ಎಂದ ಕೊನೆಗೆ, ದನಿ ತಗ್ಗಿಸಿ. “ಬೋರ್ಡು ಓಟ್ ಮಾಡಿ ಎಲ್ಲಾ ಫೈನಲ್ ಆಗಿದೆ. ನೀವು ಅವತ್ತೇ ನಿಜ ಹೇಳ್ಬೇಕಿತ್ತು. ಮುಂದಿನ ಸಲ ಸರಿಯಾಗಿ ಹೇಳಿ.”

“ಮುಂದಿನ ಸಲ ಯಾವಾಗ್ರಿ?”

“ಅದೂ... ಕೆಲವು ವರ್ಷ ಆಗುತ್ತೆ.”

“ಸರ್,” ಎಂದಳು ಪ್ರಗತಿ. ಅಷ್ಟೇ ಎಂದಳು. ಸಾಲಿನ ಹಿಂದಿನಿಂದ ಯಾರೋ, “ರೊಟ್ಟಿ ಆರಿಹೋಗ್ತಿದೆ, ಸ್ವಲ್ಪ ಬೇಗ,” ಎಂದರು. ಅಷ್ಟರಲ್ಲಿ ಗದಿಗೆಪ್ಪ ಬೆಣ್ಣೆಯ ಬಟ್ಟಲು ಹಿಡಿದು ನಡುವೆ ನುಗ್ಗಿದ್ದ.

“ಬೆಣ್ಣಿ ಹಾಕ್ಕೋರಿ ಸರ್. ನಮ್ಮ ಗೌರಮ್ಮಗ ಸ್ವಲ್ಪ ತಲಿ ಹಿಂಗ, ಒಂಟಿ ಹೆಂಗಸ್ರಿ ಪಾಪ. ದೂರದ ಸಂಬಂಧ ಆಗ್ಬೇಕು ನಮಗ.”

“ಓ ಹಾಗಾ,” ಎಂದ ಸುಧೀಂದ್ರ. ಅವನಿಗೆ ಉಸಿರು ಬಂತು. ಬೆಣ್ಣೆ ಹಾಕಿಸಿಕೊಂಡ.

ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಗದಿಗೆಪ್ಪ ಅವಳ ಜುಟ್ಟು ಹಿಡಿದ. “ಹಲ್ಕಟ್ ರಂಡೆ. ಮಂದ್ಯಾಗ ನನ್ನ ಹೇಲಾಗ ಎಳದ್ಯೇನ? ಗುಡಿ ಒಳಗ ನಿನ್ನ ಕುಂದರಸೀನಿ, ನತ್ತ ಹಾಕೀನಿ, ನಿಮ್ಮಪ್ಪ ಹಾಕಿದ್ನೇನ? ನೀ ಯಾವ ಕೇರಿಯಾಕಿ ಅಂತ ನಾ ಇಲ್ಲೆ ಬಾಯಿ ಬಿಟ್ಟೆ ಅಂದ್ರ ಈ ಶ್ರೀಕಂಠಯ್ಯ ನೆಲಾ ತೊಳಸ್ತಾನ.”

“ತೊಳಸ್ಲಿ ಬಿಡ್ರಿ.”

ಅವನು ಹೊಡೆದ. ತುಟಿ ಒಡೆಯಿತು. ವಿದ್ಯಾವತಿ ಬಂದು, “ಸೀರಿ ಮ್ಯಾಲ ಬೀಳಸಬ್ಯಾಡ, ಇಳಕಲ್ ಅದು,” ಎಂದು ಕಾಗದದ ಟವಲ್ಲು ಕೊಟ್ಟಳು. ಫಕೀರವ್ವ ನತ್ತು ತೆಗೆದು, ತೊಳೆದ ಸೌಟುಗಳ ಪಕ್ಕದಲ್ಲಿಟ್ಟಳು.

“ಸೋಮವಾರ ಮುಂಜಾನಿ ವ್ಯಾನ್ ತಗೊಂಡ ಬರ್ತೀನಿ,” ಎಂದ ಗದಿಗೆಪ್ಪ ಏದುಸಿರು ಬಿಡುತ್ತ. “ಗಂಟಮೂಟಿ ಕಟ್ಟಿರು. ಗ್ಯಾರೇಜಿನ ಕೀಲಿ ಹೊರಗಿಂದನ ಐತಿ.”

*

ಸೋಮವಾರ ಅವಳು ಗಂಟು ಕಟ್ಟಿದ್ದಳು. ಹಾಸಿಗೆಯ ಸುರುಳಿ, ಅದರೊಳಗೆ ಸೀರೆಗಳು. ನೇಪಾಳಿ ಹೆಂಗಸರು ಬಾಗಿಲಲ್ಲಿ ನಿಂತು ಅವಳ ಕೈಗೆ ಬೇಯಿಸಿದ ಮೊಟ್ಟೆ ಕೊಟ್ಟರು, ಅವನ್ನೂ ಗಂಟಿಗೆ ಸೇರಿಸಿದಳು. ವ್ಯಾನಿನ ಮೈಮೇಲೆ ಪ್ಯಾಕೆಟ್ಟಿನ ಹೆಂಗಸೇ ದೊಡ್ಡದಾಗಿ ನಗುತ್ತಿದ್ದಳು. ಬಾಳಪ್ಪ ಆಗಲೇ ಹಿಂದಿನ ಸೀಟಿನಲ್ಲಿ ತನ್ನ ಚಾಪೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವಳ ಒಡೆದ ತುಟಿ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದ.

ಹೈವೇ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಎದುರಿಗೆ ಬಸ್ಸು ಬಂದು ನಿಂತು ಕೆಲವರನ್ನು ಇಳಿಸಿ, ದೊಡ್ಡ ಸುತ್ತು ಹಾಕಿ, ಬಂದ ದಾರಿಗೇ ಮುಖ ಮಾಡಿತು. ಇಳಿದವರು ಆ ಉಪ್ಪಿನಕಾಯಿಯವರು. ಎಲ್ಲಿ ನಡೆಯಬೇಕೆಂದು ತಿಳಿಯದೆ ಕಂಬದ ಹತ್ತಿರ ಗುಂಪಾಗಿ ನಿಂತರು. ಅಲ್ಲಿಂದ ಗುಡಿಯವರೆಗೆ ರಸ್ತೆ ಸಣ್ಣದು, ಹೋಗಲು ಒಂದೇ ಸಾಲು, ಬರಲು ಒಂದೇ ಸಾಲು. ನಡೆಯುವವರಿಗೆ ಅಂತ ಏನೂ ಇಲ್ಲ. ಒಂದು ಗೇಣು ಹುಲ್ಲು, ಆಮೇಲೆ ಚರಂಡಿ.

ಫಕೀರವ್ವ ವ್ಯಾನಿನ ಬಾಗಿಲನ್ನು ಸರಿಸಿದಳು. ಅದು ಸದ್ದು ಮಾಡಿಕೊಂಡು ಹಿಂದಕ್ಕೆ ಹೋಯಿತು. ಇಳಿದಳು.

“ಏ! ಎಲ್ಲಿಗೆ?”

ಅವಳು ಹುಲ್ಲಿನ ಮೇಲೆ ಗುಡಿಯ ದಿಕ್ಕಿಗೆ ನಡೆಯತೊಡಗಿದಳು. ಸಿಗ್ನಲ್ಲು ಹಸಿರಾಯಿತು. ಗದಿಗೆಪ್ಪ ವ್ಯಾನನ್ನು ಅವಳ ಪಕ್ಕಕ್ಕೆ ತಂದು, ಅವಳ ನಡಿಗೆಯಷ್ಟೇ ನಿಧಾನವಾಗಿ ಬಿಡುತ್ತ ಕಿಟಕಿಯಿಂದ ಬಾಗಿದ.

“ಹತ್ತ. ಮಂದಿ ನೋಡಾಕತ್ತಾರ, ಹತ್ತ.”

“ಕೆಲಸಕ್ಕ ಬರ್ತೀನ್ರಿ.”

“ಅದನ್ನ ಹೇಳಾಕತ್ತೀನಿ, ಹತ್ತ ಅಂತ!”

“ನಡಕೋಂತ ಬರ್ತೀನಿ. ರೊಟ್ಟಿ ಬಡೀತೀನಿ. ಸಂಜಿಕ ನಡಕೋಂತ ಹೋಗಿ ಬಸ್ಸ ಹತ್ತತೀನಿ. ನಿಮ್ಮ ಮನ್ಯಾಗ ಮಲಗಾಂಗಿಲ್ಲ.”

“ಸೂಳಿ, ನಿನ್ನ ಪಾಸ್‌ಪೋರ್ಟ ಯಾರ ಕಪಾಟಿನ್ಯಾಗೈತಿ, ಗೊತ್ತೈತಿಲ್ಲ? ಈಗಿಂದೀಗ ಪೊಲೀಸ್ರಿಗೆ ಫೋನ್ ಹಚ್ಚತೀನಿ.”

ಅವಳು ಮೊದಲ ಸಲ ನಿಂತಳು. ವ್ಯಾನೂ ನಿಂತಿತು. ಅವಳು ಅವನ ಮುಖ ನೋಡಿದಳು. ಇಷ್ಟು ದಿನ ಅವನ ಚಪ್ಪಲಿ, ಅವನ ಕೈ ಮಾತ್ರ ನೋಡಿದ್ದಳು. ಅವನ ಹುಬ್ಬಿನ ಮೇಲೆ ಒಂದು ನರುಲಿ ಇತ್ತು.

“ಹಚ್ಚರಿ. ಗೋದಾಮಿನ ಅಡ್ರೆಸ್ಸೂ ಹೇಳ್ರಿ.”

ಗದಿಗೆಪ್ಪನ ಕೈಯಲ್ಲಿ ಫೋನಿತ್ತು. ಅದು ಕೈಯಲ್ಲೇ ಉಳಿಯಿತು.

ಹಿಂದೆ ಕಾರುಗಳು ಕೂಡಿಕೊಂಡಿದ್ದವು. ಮೊದಲು ಒಂದು ಹಾರ್ನು ಬಡಿಯಿತು, ಆಮೇಲೆ ಸಾಲಿಗೆ ಸಾಲೇ. ಹಿಂದಿನ ಕಾರಿನ ಗಾಜು ಇಳಿಸಿ ಯುವಕನೊಬ್ಬ ಕೂಗಿದ. “ಅಂಕಲ್, ಏನಾಯ್ತು? ಸೈಡಿಗೆ ಹಾಕಿ ಪ್ಲೀಸ್, ನಂಗೆ ಮೀಟಿಂಗ್ ಇದೆ!”

“ಒಂದ ಮಿನಿಟ್ ರಿ ಸರ್, ಒಂದ ಮಿನಿಟ್!” ಗದಿಗೆಪ್ಪ ಅವನ ಕಡೆ ನಗುಮುಖ ತಿರುಗಿಸಿ, ಮತ್ತೆ ಈ ಕಡೆ ತಿರುಗುವ ಹೊತ್ತಿಗೆ ಅವಳು ಮುಂದೆ ಹೋಗಿದ್ದಳು. “ಬಾಳ್ಯಾ! ಬಾಗಲಾ ಹಾಕಲೇ, ಬೋಳೀಮಗನ!”

ಬಾಳಪ್ಪ ಬಾಗಿಲಿಗೆ ಕೈ ಹಾಕಿದ. ಎಳೆಯಲಿಲ್ಲ. ಕಾಲ ಬಳಿಯಲ್ಲಿದ್ದ ಫಕೀರವ್ವನ ಗಂಟನ್ನು ಎರಡೂ ಕೈಯಿಂದ ಎತ್ತಿ, ಹುಲ್ಲಿನ ಮೇಲೆ ಮೆಲ್ಲಗೆ, ಮೊಟ್ಟೆ ಒಡೆಯದ ಹಾಗೆ ಇಟ್ಟ.

ಅವಳು ತಿರುಗಿ ಬಂದು ಗಂಟನ್ನು ತಲೆಯ ಮೇಲೆ ಹೊತ್ತಳು. ಬಾಳಪ್ಪನನ್ನು ನೋಡಲಿಲ್ಲ. ಹುಲ್ಲಿನಲ್ಲಿ ಕೆಂಪಿರುವೆಯ ಗೂಡಿತ್ತು, ಮೀನಖಂಡದವರೆಗೆ ಹತ್ತಿ ಕಚ್ಚಿದವು. ಕೊಡವಿಕೊಳ್ಳಲು ನಿಲ್ಲಲಿಲ್ಲ. ಕಂಬದ ಹತ್ತಿರ ಗುಂಪಾಗಿದ್ದ ಉಪ್ಪಿನಕಾಯಿಯವರು ಅವಳನ್ನು ನೋಡುತ್ತ ಇದ್ದವರು, ಒಬ್ಬರ ಹಿಂದೆ ಒಬ್ಬರು ಹುಲ್ಲಿಗೆ ಇಳಿದರು.

ಗದಿಗೆಪ್ಪ ಹಾರ್ನಿನ ಮೇಲೆ ಒತ್ತಿದ ಕೈಯನ್ನು ತೆಗೆಯಲೇ ಇಲ್ಲ. ಕಾರುಗಳ ಸಾಲು ಹೈವೇ ಸೇತುವೆಯ ಮೇಲೂ ಹತ್ತಿ ಬಿಸಿಲಿಗೆ ಹೊಳೆಯುತ್ತಿತ್ತು. ವ್ಯಾನು ಅವಳ ಪಕ್ಕದಲ್ಲಿ ತೆವಳುತ್ತಿತ್ತು, ಬಾಗಿಲು ಹಾಗೇ ತೆರೆದಿತ್ತು, ಒಳಗೆ ಬಾಳಪ್ಪ ಚಾಪೆ ಅಪ್ಪಿಕೊಂಡು, ಒಂದು ಕಾಲು ಹೊರಗೆ ಇಳಿಬಿಟ್ಟು ಕೂತಿದ್ದ.